ಆವೃತ್ತಿಗಳ ಸಹಬಾಳ್ವೆ

ಬೆಳಗಾವಿಯ ಹಿಂದವಾಡಿಯ ಗುರುದೇವ ರಾನಡೆ ಮಂದಿರದ ಸುತ್ತಮುತ್ತಣ ಬೀದಿಗಳಲ್ಲಿ ಬಾಡಿಗೆಯ ಕೋಣೆಗಳನ್ನು ಮಾಡಿಕೊಂಡಿದ್ದು, ಬೆಳಗಾಗುತ್ತಲೇ ಖಾನಾಪುರ ರಸ್ತೆಯನ್ನು ಹಿಡಿದು ಉದ್ಯಮಬಾಗದ ತಾಂತ್ರಿಕ ಮಹಾವಿದ್ಯಾಲಯಗಳಿಗೋ ಇನ್ನೂ ಮುಂದಕ್ಕೆ ಮಚ್ಛೆಯ ಕಡೆಗೋ ಹೋಗಿಬರುವ ವಿದ್ಯಾರ್ಥಿಗಳ ಬಾಯಲ್ಲಿ, ಪ್ರಾಜೆಕ್ಟ್ ಪರೀಕ್ಷೆಯ ದಿನಗಳು ಸಮೀಪಿಸಿದುವೆಂದರೆ, ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ನಮ್ಮ ರೂಮಿನ್ಯಾಗ ನಡೀತದ್ರಿ ಸರ್, ಇಲ್ಲಿ ಯಾಕ ನಡೀವಲ್ದೋ ಗೊತ್ತಾಗವಲ್ದು." ಇದು ಬೆಳಗಾವಿಗೆ ಮಾತ್ರ ಮೀಸಲಾದ ಮಾತಲ್ಲ, ಕಂಪ್ಯೂಟರ್ ವಿದ್ಯೆಯನ್ನು ಕಲಿಸುವ ಊರೂರಿನಲ್ಲಿಯೂ ಆಯಾ ಊರಿನ ಸೊಲ್ಲಿನಲ್ಲಿ ಇದನ್ನು ಕೇಳಬಹುದು. ಪರೀಕ್ಷಕರು ಇದನ್ನು ಕುಂಟುನೆಪವೆಂದು ಬಗೆದು ಅಂಕಗಳನ್ನು ಕಳೆಯುವುದುಂಟು. ಕನಿಕರವುಳ್ಳವರು ವಿದ್ಯಾರ್ಥಿಯ ಲ್ಯಾಪ್‌ಟಾಪನ್ನೇ ತರಿಸಿ, ಅದರಲ್ಲಿ ನಡೆಯುವುದನ್ನು ನೋಡಿ, ಒಪ್ಪಿಕೊಂಡು ಬಿಡುವುದೂ ಉಂಟು. ಇವೆರಡೂ ಸರಿಯಾದ ಕ್ರಮಗಳಲ್ಲವೆಂದೇ ನನ್ನ ಅಭಿಪ್ರಾಯ. ಆ ವಿದ್ಯಾರ್ಥಿಯ ಮಾತು ಬಹುಮಟ್ಟಿಗೆ ಸತ್ಯವಾಗಿಯೇ ಇರುತ್ತದೆ. ಅದರಲ್ಲಿರುವ ಕೊರತೆ ಪ್ರಾಮಾಣಿಕತೆಯದಲ್ಲ, ಪೂರ್ಣತೆಯದು. ಪ್ರೋಗ್ರಾಮೆಂದರೆ ತಾನು ಟೈಪು ಮಾಡಿದ ಪಠ್ಯವಷ್ಟೇ ಎಂದು ಅವನು ತಿಳಿದಿದ್ದಾನೆ. ಅವನಿಗೆ ಕಲಿಸಿದವರಲ್ಲಿಯೂ ಅನೇಕರು ಹಾಗೆಯೇ ತಿಳಿದಿದ್ದಾರೆ. ವಾಸ್ತವದಲ್ಲಿಯಾದರೋ, ಆ ಪಠ್ಯವು ಯಾವ ಭಾಷೆಯ ಯಾವ ಆವೃತ್ತಿಯನ್ನು ನಂಬಿದೆಯೋ, ಇತರರು ಬರೆದಿಟ್ಟ ಯಾವ ಯಾವ ಪ್ಯಾಕೇಜುಗಳ ಯಾವ ಯಾವ ಆವೃತ್ತಿಗಳನ್ನು ಆಶ್ರಯಿಸಿದೆಯೋ, ಅವೆಲ್ಲವೂ ಕೂಡಿಯೇ ಪ್ರೋಗ್ರಾಮು ಎನಿಸಿಕೊಳ್ಳುವುದು. ಪಠ್ಯವನ್ನು ಮಾತ್ರ ಒಪ್ಪಿಸಿದವನು ಅರ್ಧವನ್ನೇ ಒಪ್ಪಿಸಿದಂತಾಯಿತು.

ಈ ತೊಡಕು ಇಂದು ನಿನ್ನೆ ಹುಟ್ಟಿದುದಲ್ಲ. ಸಿ ಭಾಷೆಗೆಂದು ಟರ್ಬೊ ಸಿ ಎಂಬ ಅನುವಾದಕ (ಕಂಪೈಲರ್) ಸಾಧನವನ್ನು ಬೋರ್ಲ್ಯಾಂಡ್ ಸಂಸ್ಥೆ 1987ರಲ್ಲಿ ಹೊರತಂದಿತು. ಅದು ಹುಟ್ಟಿದ ಡಾಸ್ ವ್ಯವಸ್ಥೆಯು ಬಳಕೆಯಿಂದ ಮರೆಯಾಗಿ ಎಷ್ಟೋ ಕಾಲವಾದ ಮೇಲೆಯೂ ನಮ್ಮ ದೇಶದ ಅನೇಕ ಮಹಾವಿದ್ಯಾಲಯಗಳು ಅದನ್ನು ಡಾಸ್‌ಬಾಕ್ಸ್ ಎಂಬ ಅನುಕರಣ ತಂತ್ರಾಂಶದೊಳಗೆ ಕೂರಿಸಿ ಪಾಠಕ್ಕೆ ಬಳಸಿಕೊಂಡು ಬಂದಿವೆ. ಒಂದು ಸಂಖ್ಯೆಯ ಕ್ರಮಗುಣಿತವನ್ನು, ಎಂದರೆ ಒಂದರಿಂದ ಆ ಸಂಖ್ಯೆಯವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧವನ್ನು, ಕಂಡುಹಿಡಿಯುವ ಪ್ರೋಗ್ರಾಮು ಮೊದಲ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆಯತಕ್ಕದ್ದು. ಸಾಮಾನ್ಯ ಪೂರ್ಣಾಂಕದ ಚಲಕವನ್ನಿಟ್ಟುಕೊಂಡು ಅದನ್ನು ಬರೆದು, ಏಳರ ಕ್ರಮಗುಣಿತವನ್ನು ಕೇಳಿದರೆ ಟರ್ಬೊ ಸಿ 5040 ಎಂದು ಸರಿಯಾಗಿಯೇ ಹೇಳುವುದು. ಎಂಟರದನ್ನು ಕೇಳಿದರೆ 40320 ಎನ್ನುವುದಕ್ಕೆ ಬದಲಾಗಿ ಋಣ 25216 ಎನ್ನುವುದು. ಅದೇ ಪಠ್ಯವನ್ನು, ಒಂದಕ್ಷರವನ್ನೂ ತಿದ್ದದೆ, ಲಿನಕ್ಸ್ ಯಂತ್ರದಲ್ಲಿ ಜಿಸಿಸಿ ಎಂಬ ಅನುವಾದಕಕ್ಕೆ ಕೊಟ್ಟರೆ 40320 ಬರುತ್ತದೆ. ಕಾರಣವಿಷ್ಟೆ: ಟರ್ಬೊ ಸಿಯಲ್ಲಿ ಪೂರ್ಣಾಂಕಕ್ಕೆ ಹದಿನಾರು ಬಿಟ್‌ಗಳ ಸ್ಥಳ ಮಾತ್ರವಿದ್ದು, 32767ನ್ನು ಮೀರಿದ ಮೊತ್ತವು ಆ ಸ್ಥಳದಲ್ಲಿ ಹಿಡಿಸದೆ ಋಣಸಂಖ್ಯೆಯಾಗಿ ತೋರುತ್ತದೆ, ಜಿಸಿಸಿಯಲ್ಲಿ ಆ ಸ್ಥಳವು ಮೂವತ್ತೆರಡು ಬಿಟ್‌ಗಳಷ್ಟಿರುತ್ತದೆ. ಇಬ್ಬರು ವಿದ್ಯಾರ್ಥಿಗಳು ಒಂದೇ ಪಠ್ಯವನ್ನು ಒಪ್ಪಿಸಿ, ಒಬ್ಬನಿಗೆ ಸರಿಯುತ್ತರವೂ ಇನ್ನೊಬ್ಬನಿಗೆ ಅಸಂಬದ್ಧವಾದ ಉತ್ತರವೂ ದೊರೆತರೆ, ತಪ್ಪು ಯಾರದೆಂದು ಪಠ್ಯವನ್ನೇ ದಿಟ್ಟಿಸಿ ನೋಡಿ ನಿರ್ಣಯಿಸುವುದು ಹೇಗೆ? ಯಾವ ಅನುವಾದಕ, ಅದರ ಯಾವ ಆವೃತ್ತಿ ಎಂಬ ಪ್ರಶ್ನೆಯನ್ನು ಕೇಳಿದ ಹೊರತು ಆ ನಿರ್ಣಯ ಸಾಧ್ಯವೇ ಇಲ್ಲ.

ಪೈಥಾನ್ ಭಾಷೆಯ ಇತಿಹಾಸದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ಎದ್ದು ನಿಂತಿತು. 1991ರಲ್ಲಿ ಮೊದಲು ಲೋಕದ ಕಣ್ಣಿಗೆ ಬಿದ್ದ ಆ ಭಾಷೆಯನ್ನು ಅದರ ಕರ್ತೃವಾದ ಗೀಡೊ ವಾನ್ ರೋಸಮ್ ಮತ್ತು ಆತನ ಸಂಗಡಿಗರು 2008ರ ಡಿಸೆಂಬರ್ 3ರಂದು, ಹಿಂದಿನದರೊಡನೆ ಹೊಂದಾಣಿಕೆಯನ್ನು ಬುದ್ಧಿಪೂರ್ವಕವಾಗಿಯೇ ಮುರಿದು, ಮೂರನೆಯ ಆವೃತ್ತಿಯಾಗಿ ಹೊರತಂದರು. ಹಳೆಯ ಎರಡನೆಯ ಆವೃತ್ತಿಗೆ 2015ರಲ್ಲಿ ಮುಗಿಯಬೇಕಾಗಿದ್ದ ಪೋಷಣೆಯನ್ನು, ಲೋಕವು ಇನ್ನೂ ಸಿದ್ಧವಾಗಿಲ್ಲವೆಂಬ ಕಾರಣದಿಂದ, 2020ರ ಜನವರಿ 1ರವರೆಗೆ ಮುಂದೂಡಬೇಕಾಯಿತು. ಹನ್ನೊಂದು ವರ್ಷಗಳ ಕಾಲ ಒಂದೇ ಹೆಸರಿನ ಎರಡು ಭಾಷೆಗಳು ಒಂದೇ ಯಂತ್ರದಲ್ಲಿ ಕೂಡಿ ಬಾಳಿದುವು. ಮುದ್ರಿಸು ಎಂಬ ಆಜ್ಞೆಗೆ ಆವರಣ ಚಿಹ್ನೆ ಬೇಕೇ ಬೇಡವೇ ಎಂಬಂಥ ಭೇದವು ಅಷ್ಟೇನೂ ಅಪಾಯಕರವಲ್ಲ, ಏಕೆಂದರೆ ಯಂತ್ರವು ಕೂಡಲೇ ತಡೆದು ನಿಲ್ಲಿಸಿ ದೋಷವನ್ನು ಸಾರುತ್ತದೆ. ಭಾಗಾಕಾರದ ವಿಷಯವಾದರೋ ಹಾಗಲ್ಲ: ಐದನ್ನು ಎರಡರಿಂದ ಭಾಗಿಸೆಂದರೆ ಹಳೆಯದು 2 ಎನ್ನುತ್ತದೆ, ಹೊಸದು 2.5 ಎನ್ನುತ್ತದೆ, ಎರಡೂ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅಂಕಗಳ ಸರಾಸರಿಯನ್ನು ತೆಗೆಯುವ ಪ್ರೋಗ್ರಾಮೊಂದು ತಪ್ಪಾದ ಆವೃತ್ತಿಯಲ್ಲಿ ಸದ್ದಿಲ್ಲದೆ ನಡೆದುಹೋದರೆ, ನಡೆಯದೆ ನಿಂತುಹೋಗುವುದಕ್ಕಿಂತ ಅದು ಹೆಚ್ಚು ಹಾನಿಕರ. ನಡೆಯಿತೆಂಬುದೇ ಸರಿಯೆಂಬುದಕ್ಕೆ ಸಾಕ್ಷಿಯಲ್ಲವೆಂಬುದನ್ನು ನಮ್ಮ ಪರೀಕ್ಷಾಪದ್ಧತಿ ಇನ್ನೂ ಮನಗಂಡಂತಿಲ್ಲ.

ಇಷ್ಟು ಕಷ್ಟವನ್ನು ಲೋಕದ ತಲೆಯ ಮೇಲೆ ಹೇರಿ ಆ ಮುರಿತವನ್ನು ಮಾಡಬೇಕಾಗಿತ್ತೇ ಎಂದು ಕೇಳುವವರುಂಟು. ಕನ್ನಡಿಗರಾದ ನಾವು ಆ ಪ್ರಶ್ನೆಗೆ ಉತ್ತರ ಹೇಳುವಾಗ ಒಂದು ಪುಟ್ಟ ಪ್ರಯೋಗವನ್ನು ಮಾಡಿ ನೋಡುವುದು ಒಳ್ಳೆಯದು. "ಬೆಳಗಾವಿ" ಎಂಬ ಪದವನ್ನು ಯುಟಿಎಫ್-8 ಕ್ರಮದಲ್ಲಿ ಉಳಿಸಿದ ಕಡತದಲ್ಲಿ ಬರೆದು, ಇದರ ಉದ್ದವೆಷ್ಟೆಂದು ಹಳೆಯ ಪೈಥಾನನ್ನು ಸಾಧಾರಣ ರೀತಿಯಲ್ಲಿ ಕೇಳಿದರೆ 21 ಎಂಬ ಉತ್ತರ ಬರುವುದು. ಹೊಸದನ್ನು ಕೇಳಿದರೆ 7 ಎಂಬ ಉತ್ತರ ಬರುವುದು. ಹಳೆಯದು ಎಣಿಸಿದುದು ಬೈಟುಗಳನ್ನು. ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟುಗಳಂತೆ ಅದಕ್ಕೆ ಇಪ್ಪತ್ತೊಂದು ದೊರೆತವು, ಅಕ್ಷರವೆಂಬ ಕಲ್ಪನೆಯೇ ಅದರ ಲೆಕ್ಕದಲ್ಲಿ ಇರಲಿಲ್ಲ. ಹೊಸದು ಯೂನಿಕೋಡಿನ ಸಂಕೇತಗಳನ್ನು ಎಣಿಸಿತು: ಬಕಾರ, ಎತ್ವ, ಳಕಾರ, ಗಕಾರ, ಆತ್ವ, ವಕಾರ, ಇತ್ವ ಎಂದು ಏಳು. ಓದುವ ನಮಗೆ ಕಾಣುವುವು ನಾಲ್ಕೇ ಅಕ್ಷರಗಳು. ಆದುದರಿಂದ ಹೊಸದೂ ಪರಿಪೂರ್ಣವೆನ್ನಲಾಗದು, ಆದರೂ ಇಪ್ಪತ್ತೊಂದರಿಂದ ಏಳಕ್ಕೆ ಬಂದದ್ದು ಕನ್ನಡದ ಮಟ್ಟಿಗೆ ಬಹು ದೊಡ್ಡ ಹೆಜ್ಜೆ. ಕೇವಲ ರೋಮನ್ ಲಿಪಿಯಲ್ಲಿ ವ್ಯವಹರಿಸುವವನಿಗೆ ಇದು ನಿಷ್ಪ್ರಯೋಜಕವಾದ ಗೊಂದಲವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ನಮ್ಮ ಲಿಪಿಯ ಪಠ್ಯವನ್ನು ಪರಕೀಯ ವಸ್ತುವಿನಂತೆ ಕಾಣದೆ ಸಹಜವಾದ ಪಠ್ಯವೆಂದು ಸ್ವೀಕರಿಸುವ ಶಿಷ್ಟಾಚಾರವು ಆ ಭಾಷೆಗೆ ಬಂದುದು ಆ ಮುರಿತದಿಂದಲೇ. ನುಡಿ ತಂತ್ರಾಂಶದ ಹಳೆಯ ಅಕ್ಷರಕ್ರಮದಲ್ಲಿ ಟೈಪು ಮಾಡಿದ ಪತ್ರವೊಂದು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದಾಗ, ಗೀಟು ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ರಾಶಿಯಾಗಿ ಕಂಡ ಅನುಭವ ನಮ್ಮ ಕಚೇರಿಗಳಲ್ಲಿಯೂ ಪತ್ರಿಕಾಲಯಗಳಲ್ಲಿಯೂ ಯಾರಿಗಿಲ್ಲ? ಆ ಪತ್ರವು ಒಂದು ಫಾಂಟಿನ ಮೇಲೆ ಅವಲಂಬಿಸಿತ್ತು. ಆ ಅವಲಂಬನೆಯನ್ನು ಪತ್ರದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಪ್ರೋಗ್ರಾಮುಗಳ ವಿಷಯದಲ್ಲಿ ನಾನು ಹೇಳುತ್ತಿರುವುದೂ ಇದೇ ರೋಗವನ್ನು.

ಆವೃತ್ತಿಗಳು ಬದಲಾಗದೆ ಇರಲಿ ಎಂದು ಬಯಸುವುದು ಹೀಗೆ ತರವಲ್ಲವೆಂದಾದರೆ, ಎಲ್ಲರೂ ಎಲ್ಲವನ್ನೂ ಸದಾ ಹೊಚ್ಚಹೊಸದಕ್ಕೆ ಏರಿಸಿಕೊಂಡರಾಯಿತು ಎಂಬ ಎರಡನೆಯ ಸಲಹೆಯನ್ನು ನೋಡೋಣ. ಹಿಂದವಾಡಿಯ ಒಂದು ಮನೆಯಲ್ಲಿ ಅಕ್ಕನು ಕಡೆಯ ವರ್ಷದ ವಿದ್ಯಾರ್ಥಿನಿಯೂ ತಮ್ಮನು ಮೊದಲ ವರ್ಷದವನೂ ಆಗಿದ್ದು, ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರ್ ಇದೆಯೆಂದು ಇಟ್ಟುಕೊಳ್ಳೋಣ. ಮಧ್ಯಮ ವರ್ಗದ ಮನೆಗಳಲ್ಲಿ ಇದು ಊಹೆಗೆ ಮೀರಿದುದಲ್ಲ. ಅಕ್ಕನ ಪ್ರಾಜೆಕ್ಟು ಕಬ್ಬಿನ ಎಲೆಯ ಚಿತ್ರವನ್ನು ನೋಡಿ ರೋಗವನ್ನು ಗುರುತಿಸುವುದು; ನಮ್ಮ ಜಿಲ್ಲೆಗೆ ಸಹಜವಾದ ವಿಷಯ. ಅವಳು ಆಧಾರವಾಗಿಟ್ಟುಕೊಂಡ ಹಳೆಯ ಪ್ರೋಗ್ರಾಮು ಟೆನ್ಸರ್‌ಫ್ಲೋ ಎಂಬ ಯಂತ್ರಕಲಿಕೆಯ ಪ್ಯಾಕೇಜಿನ 1.15ನೆಯ ಆವೃತ್ತಿಗೆ ಬರೆದದ್ದು, ಅದಾದರೋ ಪೈಥಾನ್ 3.7ರಿಂದ ಮೇಲಕ್ಕೆ ಏರಲೊಲ್ಲದು. ರಾತ್ರಿಗಳನ್ನು ಕಳೆದು ಅವಳು ಯಂತ್ರಕ್ಕೆ ಕಲಿಸಿದ ವಿದ್ಯೆಯೆಲ್ಲವೂ ಒಂದು ಎಚ್5 ಕಡತದಲ್ಲಿ ಅಡಗಿದೆ. ಆ ಕಡತವನ್ನು ತೆರೆಯುವ ಕೆಲಸ ಎಚ್5ಪೈ ಎಂಬ ಪ್ಯಾಕೇಜಿನದು. ತಮ್ಮನು ಯಾವುದೋ ಪಾಠದಲ್ಲಿ ಹೇಳಿದಂತೆ ತನಗೆ ಬೇಕಾದ ಪ್ಯಾಕೇಜುಗಳನ್ನೆಲ್ಲ ಹೊಸದಕ್ಕೆ ಏರಿಸುತ್ತಾನೆ, ಅವುಗಳೊಡನೆ ಎಚ್5ಪೈ 2.10ರಿಂದ 3ಕ್ಕೆ ಏರುತ್ತದೆ. ಮರುದಿನ ಅಕ್ಕನು ತನ್ನ ಕಡತವನ್ನು ತೆರೆಯಹೋದರೆ, ಅಕ್ಷರಮಾಲೆಗೆ (ಸ್ಟ್ರಿಂಗ್) ಡೀಕೋಡ್ ಎಂಬ ಗುಣವಿಲ್ಲ ಎಂಬರ್ಥದ ದೋಷವಾಕ್ಯವೊಂದು ಎದುರಾಗುತ್ತದೆ. ಕಬ್ಬಿನ ಎಲೆಗೂ ಈ ವಾಕ್ಯಕ್ಕೂ ಏನು ಸಂಬಂಧವೆಂದು ಅವಳು ತಿಳಿಯುವ ಬಗೆ ಹೇಗೆ? ಹಳೆಯ ಎಚ್5ಪೈ ಬೈಟುಗಳನ್ನು ಕೊಡುತ್ತಿದ್ದ ಕಡೆ ಹೊಸದು ಅಕ್ಷರಮಾಲೆಯನ್ನು ಕೊಡತೊಡಗಿದೆ. ಬೈಟುಗಳನ್ನು ನಿರೀಕ್ಷಿಸಿದ್ದ ಟೆನ್ಸರ್‌ಫ್ಲೋ ಮುಗ್ಗರಿಸಿದೆ.

ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದುಂಟು. ಎಚ್5ಪೈಯನ್ನು ಅಕ್ಕನು ತಾನಾಗಿ ಎಂದೂ ಕೇಳಿ ಪಡೆದವಳಲ್ಲ; ಅವಳು ಕೇಳಿದುದು ಟೆನ್ಸರ್‌ಫ್ಲೋವನ್ನು, ಅದು ಕೇಳಿದುದು ಮತ್ತೊಂದು ಪ್ಯಾಕೇಜನ್ನು, ಆ ಪ್ಯಾಕೇಜು ಕೇಳಿದುದು ಎಚ್5ಪೈಯನ್ನು, ಅದೂ ಯಾವ ಆವೃತ್ತಿಯಾದರೂ ಆದೀತೆಂದು. ಈ ಕಾರಣದಿಂದ, ತಮ್ಮನೆಂಬವನು ಆ ಮನೆಯಲ್ಲಿ ಇಲ್ಲದಿದ್ದರೂ, 2020ರ ಬೇಸಗೆಯಲ್ಲಿ ಕೊಟ್ಟ ಆಜ್ಞೆಯನ್ನೇ 2021ರ ಬೇಸಗೆಯಲ್ಲಿ ಹೊಸ ಯಂತ್ರದ ಮೇಲೆ ಮತ್ತೆ ಕೊಟ್ಟಿದ್ದರೆ, ನಡುವೆ ಹೊರಬಂದ ಎಚ್5ಪೈ 3 ತಾನಾಗಿಯೇ ಬಂದು ಕುಳಿತು ಅದೇ ಕೇಡನ್ನು ಮಾಡುತ್ತಿತ್ತು. ಆಜ್ಞೆ ಒಂದೇ, ಪಠ್ಯ ಒಂದೇ, ಫಲ ಮಾತ್ರ ಬೇರೆ.

ಯಂತ್ರದ ಸ್ವಂತ ಪೈಥಾನನ್ನು ಮುಟ್ಟುವುದು ಇನ್ನೂ ದೊಡ್ಡ ಪ್ರಮಾದ. ಉಬುಂಟುವಿನಂಥ ವ್ಯವಸ್ಥೆಯಲ್ಲಿ ಟರ್ಮಿನಲ್ ಕಿಟಕಿ, ತಂತ್ರಾಂಶಗಳನ್ನು ಸ್ಥಾಪಿಸುವ ಸಾಧನ ಮೊದಲಾದುವು ವ್ಯವಸ್ಥೆಯೊಡನೆ ಬಂದ ಪೈಥಾನನ್ನೇ ನೆಚ್ಚಿಕೊಂಡಿರುತ್ತವೆ. ಹೊಸ ಆವೃತ್ತಿಯ ಆಸೆಯಿಂದ ಪೈಥಾನ್ ಎಂಬ ಹೆಸರಿನ ಕೊಂಡಿಯನ್ನು ಬೇರೊಂದಕ್ಕೆ ತಿರುಗಿಸಿದವನಿಗೆ ಟರ್ಮಿನಲ್ಲೇ ತೆರೆಯದೆ, ರಿಪೇರಿಗೆ ಬೇಕಾದ ಸಾಧನವೇ ರಿಪೇರಿಗೆ ಬಂದು ನಿಂತಿರುತ್ತದೆ. 2023ರಲ್ಲಿ ಹೊರಬಂದ ಡೆಬಿಯನ್ 12 ಎಂಬ ಲಿನಕ್ಸ್ ಆವೃತ್ತಿಯು ವ್ಯವಸ್ಥೆಯ ಪೈಥಾನಿನೊಳಕ್ಕೆ ಪಿಪ್ ಎಂಬ ಸ್ಥಾಪನಾ ಸಾಧನದ ಮೂಲಕ ಪ್ಯಾಕೇಜುಗಳನ್ನು ತುರುಕುವುದನ್ನು ಸ್ಪಷ್ಟವಾಗಿ ನಿರಾಕರಿಸಿತು. ಆ ನಿರಾಕರಣೆಯನ್ನು ಮೀರುವ ಉಪಾಯವನ್ನು ವಿದ್ಯಾರ್ಥಿಗಳು ಒಬ್ಬರಿಂದೊಬ್ಬರು ಕಲಿತುಬಿಟ್ಟಿದ್ದಾರೆ. ನಿರಾಕರಣೆಯ ಕಾರಣವನ್ನು ಅವರಿಗೆ ಹೇಳಿಕೊಟ್ಟವರು ವಿರಳ.

ಪರಿಹಾರವು ಬಹುಕಾಲದಿಂದಲೂ ಸಿದ್ಧವಾಗಿಯೇ ಇದೆ. ಒಂದೊಂದು ಪ್ರಾಜೆಕ್ಟಿಗೆ ಒಂದೊಂದು ಪ್ರತ್ಯೇಕ ನೆಲೆಯನ್ನು ಕಲ್ಪಿಸಿ, ಅದರ ಪ್ಯಾಕೇಜುಗಳು ಅದರೊಳಗೇ ಇರುವಂತೆ ಮಾಡುವ ವರ್ಚುವಲ್‌ಎನ್ವ್ ಎಂಬ ಸಾಧನವು 2007ರಲ್ಲಿಯೇ ಬಂದಿತು. 2012ರಲ್ಲಿ ಪೈಥಾನ್ 3.3ರೊಡನೆ ಅಂಥ ಸೌಕರ್ಯವು ಭಾಷೆಯ ಅಂಗವೇ ಆಯಿತು. ಪೈಥಾನಿನ ಹಲವು ಆವೃತ್ತಿಗಳನ್ನು ಒಂದೇ ಯಂತ್ರದಲ್ಲಿ ಇರಿಸಿ, ಯಾವ ಫೋಲ್ಡರಿನೊಳಗೆ ಹೊಕ್ಕರೆ ಯಾವುದು ಎದ್ದು ಬರಬೇಕೆಂದು ಗೊತ್ತುಮಾಡುವ ಪೈಎನ್ವ್, ನೋಡ್ ಭಾಷಾಪರಿಸರಕ್ಕೆ ಅದೇ ಉಪಕಾರವನ್ನು ಮಾಡುವ ಎನ್‌ವಿಎಂ, ಪ್ರತ್ಯೇಕ ನೆಲೆಯನ್ನು ಕಲ್ಪಿಸುವ, ಆವೃತ್ತಿಯನ್ನು ಗೊತ್ತುಮಾಡುವ ಎರಡು ಕೆಲಸಗಳನ್ನೂ ತಾನೇ ವಹಿಸಿಕೊಳ್ಳುವ ಕಾಂಡಾ, ಎಲ್ಲವೂ ಬೆಲೆಯಿಲ್ಲದೆ ದೊರೆಯುತ್ತವೆ. ಆ ಅಕ್ಕತಮ್ಮಂದಿರ ಕಲಹವು ಹತ್ತು ನಿಮಿಷದ ಪಾಠದಿಂದ ತೀರಬಹುದಾದುದು.

ಆದರೆ ಪ್ರತ್ಯೇಕತೆಯೊಂದೇ ಸಾಲದು, ಬರವಣಿಗೆಯೂ ಬೇಕು. ಪುಣೆಯ ಭಾಂಡಾರಕರ ಸಂಶೋಧನ ಮಂದಿರದ ವಿದ್ವಾಂಸರು 1919ರಿಂದ 1966ರವರೆಗೆ ದುಡಿದು ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸಿದಾಗ, ಪ್ರತಿ ಪುಟದ ಅಡಿಯಲ್ಲಿಯೂ ಯಾವ ಹಸ್ತಪ್ರತಿಯಲ್ಲಿ ಯಾವ ಪಾಠವಿದೆಯೆಂಬುದನ್ನು ನಮೂದಿಸಿದರು. ಆ ಅಡಿಟಿಪ್ಪಣಿಗಳಿಲ್ಲದ ಮುದ್ರಣವನ್ನು ಶಾಸ್ತ್ರೀಯವೆಂದು ಯಾವ ಪಂಡಿತನೂ ಒಪ್ಪುವುದಿಲ್ಲ. ಪ್ರೋಗ್ರಾಮನ್ನು ಒಪ್ಪಿಸುವವನಿಂದಲೂ ಅಂಥದೇ ನಿಷ್ಠೆಯನ್ನು ಅಪೇಕ್ಷಿಸುವುದು ನ್ಯಾಯ. ಪಿಪ್ ಫ್ರೀಜ್ ಎಂಬ ಒಂದು ಆಜ್ಞೆಯು, ನೆಲೆಯೊಳಗಿರುವ ಪ್ರತಿಯೊಂದು ಪ್ಯಾಕೇಜಿನ ಹೆಸರನ್ನೂ, ಕೇಳಿ ಪಡೆದುದು, ಕೇಳದೆ ಬಂದುದು ಎಂಬ ಭೇದವೆಣಿಸದೆ, ಅದರದರ ಆವೃತ್ತಿಸಂಖ್ಯೆಯೊಡನೆ ಸಾಲುಸಾಲಾಗಿ ಹೇಳುತ್ತದೆ. ಎಚ್5ಪೈಯೆದುರಿಗೆ 2.10 ಎಂದು ಬರೆದ ಒಂದು ಸಾಲು ಅಕ್ಕನ ಬಳಿ ಇದ್ದಿದ್ದರೆ ಅವಳ ಒಂದು ದಿನ ಉಳಿಯುತ್ತಿತ್ತು. ಆ ಪಟ್ಟಿಯಲ್ಲಿ ಒಂದು ಮುಖ್ಯವಾದ ಲೋಪವುಂಟೆಂಬುದನ್ನೂ ಹೇಳಬೇಕು: ಅದು ಪ್ಯಾಕೇಜುಗಳನ್ನು ಹೇಳುತ್ತದೆ, ಪೈಥಾನಿನ ಆವೃತ್ತಿಯನ್ನೇ ಹೇಳುವುದಿಲ್ಲ. ಅದನ್ನು ಬೇರೆಯಾಗಿ, ಪ್ರಾಜೆಕ್ಟಿನ ಫೋಲ್ಡರಿನಲ್ಲಿಯೇ, ಬರೆದಿಡತಕ್ಕದ್ದು.

ಈ ಕ್ರಮಕ್ಕೆ ಎದುರಾಗಿ ಹೇಳುವ ಮಾತುಗಳಲ್ಲಿ ಕೆಲವು ತಥ್ಯವುಳ್ಳವು. ಟೆನ್ಸರ್‌ಫ್ಲೋದಂಥ ಪ್ಯಾಕೇಜು ನೂರಾರು ಎಂಬಿಗಳಷ್ಟು ಸ್ಥಳವನ್ನು ಹಿಡಿಯುವುದರಿಂದ ಪ್ರತಿಯೊಂದು ಪ್ರಾಜೆಕ್ಟಿಗೂ ಅದನ್ನು ಬೇರೆಬೇರೆಯಾಗಿ ಇರಿಸಿದರೆ ಡಿಸ್ಕು ತುಂಬಿಹೋಗುವುದೆಂಬುದು ನಿಜ; ಕಾಂಡಾ ಒಂದೇ ಪ್ರತಿಯನ್ನು ಹಲವು ನೆಲೆಗಳಿಗೆ ಹಂಚಿಕೊಟ್ಟು ಈ ಭಾರವನ್ನು ಸ್ವಲ್ಪ ಇಳಿಸುತ್ತದೆ. 2013ರಲ್ಲಿ ಬಂದ ಡಾಕರ್‌ನಂತೆ ವ್ಯವಸ್ಥೆಯನ್ನೇ ಪೆಟ್ಟಿಗೆಯಲ್ಲಿಡುವ ಸಾಧನಗಳು ಉತ್ತಮವಾದರೂ, ನಾಲ್ಕು ಜಿಬಿಯ ಮೆಮೊರಿಯಿರುವ ಹಳೆಯ ಲ್ಯಾಪ್‌ಟಾಪಿನ ವಿದ್ಯಾರ್ಥಿಗೆ ಅವನ್ನು ವಿಧಿಸುವುದು ತಕ್ಕುದಲ್ಲ. ಸುರಕ್ಷತೆಯ ದೃಷ್ಟಿಯಿಂದ ಹಳೆಯದನ್ನು ಕಟ್ಟಿಹಾಕಿಡುವುದು ಅಪಾಯವೆಂಬುದು ಇನ್ನೂ ಗಂಭೀರವಾದ ಆಕ್ಷೇಪ. ಆದರೆ 2021ರ ಡಿಸೆಂಬರಿನಲ್ಲಿ ಜಾವಾದ ಲಾಗ್4ಜೆ ಎಂಬ ಲೈಬ್ರರಿಯಲ್ಲಿ ಭಯಂಕರವಾದ ದೋಷವು ಬಯಲಾದಾಗ, ತಮ್ಮ ತಂತ್ರಾಂಶದಲ್ಲಿ ಅದು ಇದೆಯೇ, ಇದ್ದರೆ ಎಷ್ಟನೆಯ ಆವೃತ್ತಿ ಎಂದು ತಿಳಿಯಲು ಪಟ್ಟಿಯಿದ್ದವರು ಪಟ್ಟಿಯನ್ನು ನೋಡಿದರೆ ಸಾಕಾಯಿತು. ಇಲ್ಲದವರು ಯಂತ್ರ ಯಂತ್ರವನ್ನೂ ಶೋಧಿಸಬೇಕಾಯಿತು. ಆವೃತ್ತಿಯನ್ನು ಬರೆದಿಡುವುದು ಅದನ್ನು ಎಂದೆಂದಿಗೂ ಬದಲಿಸಬಾರದೆಂದಲ್ಲ. ಬದಲಿಸುವಾಗ ಯಾವುದನ್ನು ಬದಲಿಸುತ್ತಿದ್ದೇವೆಂಬ ಅರಿವಿರಬೇಕೆಂದು.

ಖಾನಾಪುರ ತಾಲೂಕಿನ ಕಾಡಿನ ಮಗ್ಗುಲಿನ ಊರುಗಳಿಂದ, ಜಾಂಬೋಟಿ ಕಣಕುಂಬಿಗಳ ಕಡೆಯಿಂದ ಬರುವ ವಿದ್ಯಾರ್ಥಿಗಳ ತೊಂದರೆಯನ್ನು ಇವೆಲ್ಲಕ್ಕಿಂತ ಮಿಗಿಲೆಂದು ನಾನು ಎಣಿಸುತ್ತೇನೆ. ಸಿಗ್ನಲ್ಲೇ ಸರಿಯಾಗಿ ಸಿಗದ ಕಡೆ ನೂರಾರು ಎಂಬಿಗಳನ್ನು ಮತ್ತೆ ಮತ್ತೆ ಇಳಿಸಿಕೊಳ್ಳೆಂದು ಹೇಳುವುದು ಅನ್ಯಾಯ. ದೂರದ ಸರ್ವರನ್ನೇ ನಂಬಿರುವುದು ಪಟ್ಟಣದವರಿಗೂ ಕ್ಷೇಮವಲ್ಲವೆಂಬುದನ್ನು 2016ರ ಮಾರ್ಚಿನಲ್ಲಿ, ಹನ್ನೊಂದೇ ಸಾಲುಗಳ ಲೆಫ್ಟ್‌ಪ್ಯಾಡ್ ಎಂಬ ಪ್ಯಾಕೇಜನ್ನು ಅದರ ಕರ್ತೃವು ನೋಡ್ ಪ್ಯಾಕೇಜುಗಳ ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡಾಗ, ಲೋಕದಾದ್ಯಂತ ಅಸಂಖ್ಯಾತ ಪ್ರಾಜೆಕ್ಟುಗಳು ಒಮ್ಮೆಗೇ ನಿಂತುಹೋದುದು ತೋರಿಸಿಕೊಟ್ಟಿದೆ. ಎರಡಕ್ಕೂ ಮದ್ದು ಒಂದೇ: ಪ್ರತಿಯೊಂದು ವಿಭಾಗವೂ ತನ್ನ ಪಾಠಕ್ಕೂ ಪ್ರಾಜೆಕ್ಟುಗಳಿಗೂ ಬೇಕಾದ ಪ್ಯಾಕೇಜುಗಳನ್ನು ಆವೃತ್ತಿಸಹಿತವಾಗಿ ತನ್ನದೇ ಯಂತ್ರವೊಂದರಲ್ಲಿ ಸಂಗ್ರಹಿಸಿಟ್ಟು, ವಿದ್ಯಾರ್ಥಿಯು ಪೆನ್‌ಡ್ರೈವಿನಲ್ಲಿ ಒಯ್ದು ಮನೆಯಲ್ಲಿ ಇಂಟರ್ನೆಟ್ಟಿಲ್ಲದೆಯೂ ಸ್ಥಾಪಿಸಿಕೊಳ್ಳುವಂತೆ ಮಾಡುವುದು. ಪಿಪ್‌ನಲ್ಲಿ ಇದಕ್ಕೆ ಬೇಕಾದ ಸೌಕರ್ಯ ಆಗಲೇ ಇದೆ, ವಿಶೇಷವಾದ ವೆಚ್ಚವಿಲ್ಲ.

ಈ ಕಾರ್ಯವನ್ನು ಆರಂಭಿಸಲು ಬೆಳಗಾವಿಗಿಂತ ತಕ್ಕ ಊರು ಇನ್ನೊಂದಿಲ್ಲ. ರಾಜ್ಯದ ತಾಂತ್ರಿಕ ಮಹಾವಿದ್ಯಾಲಯಗಳಲ್ಲಿ ಬಹುಪಾಲನ್ನು ತನ್ನ ಆಶ್ರಯದಲ್ಲಿಟ್ಟುಕೊಂಡಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಿಂದ ನೆಲೆಸಿರುವುದು ಇಲ್ಲಿಯೇ. ಅದರ ಪಠ್ಯಯೋಜನೆಗಳು 2015, 2018, 2021, 2022 ಮೊದಲಾದ ವರ್ಷಗಳಲ್ಲಿ ಬೇಗಬೇಗನೆ ಪರಿಷ್ಕಾರಗೊಂಡಿವೆ; 2018ರ ಯೋಜನೆಯಲ್ಲಿ ಕಂಪ್ಯೂಟರ್ ವಿಭಾಗದವರಿಗೆ ಐದನೆಯ ಸೆಮಿಸ್ಟರಿನಲ್ಲಿ ಬರುತ್ತಿದ್ದ ಪೈಥಾನ್, 2022ರದರಲ್ಲಿ ಮೊದಲ ವರ್ಷಕ್ಕೇ ಇಳಿದುಬಂದಿದೆ. ಹಿಂದಿನ ಯೋಜನೆಯ ವಿಷಯಗಳನ್ನು ಉಳಿಸಿಕೊಂಡವರೂ ಹೊಸ ಯೋಜನೆಯವರೂ ಒಂದೇ ಲ್ಯಾಬಿನ ಒಂದೇ ಯಂತ್ರಗಳ ಮುಂದೆ ಕೂರುವುದು ಅನಿವಾರ್ಯ. ಪಠ್ಯಯೋಜನೆಯು ಪೈಥಾನ್ ಎಂದಷ್ಟೇ ಹೇಳಿ ಸುಮ್ಮನಾದರೆ ಆ ಯಂತ್ರದಲ್ಲಿ ಏನಿರಬೇಕೆಂಬುದನ್ನು ಯಾರು ಹೇಳಬೇಕು?

ಆದುದರಿಂದ ವಿಶ್ವವಿದ್ಯಾಲಯದ ಪಠ್ಯಸಮಿತಿಯಲ್ಲಿ ಕುಳಿತುಕೊಳ್ಳುವ ಹಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಮುಂದಿನ ಯೋಜನೆಯನ್ನು ರೂಪಿಸುವಾಗ ಪ್ರತಿಯೊಂದು ಲ್ಯಾಬಿನ ಪಠ್ಯಕ್ರಮದಲ್ಲಿಯೂ ಭಾಷೆಯ ಹೆಸರಿನೊಡನೆ ಅದರ ಆವೃತ್ತಿಯನ್ನೂ ನಮೂದಿಸಿರಿ. ಮೊದಲ ವರ್ಷದ ಮೊದಲ ಲ್ಯಾಬಿನಲ್ಲಿಯೇ ಪ್ರತ್ಯೇಕ ನೆಲೆಯನ್ನು ಕಟ್ಟುವುದನ್ನು ಕಲಿಸುವ ಏರ್ಪಾಡು ಮಾಡಿರಿ. ಕಡೆಯ ವರ್ಷದ ಪ್ರಾಜೆಕ್ಟು ವರದಿಯಲ್ಲಿ ಆವೃತ್ತಿಪಟ್ಟಿಯ ಪುಟವನ್ನು ಕಡ್ಡಾಯಗೊಳಿಸಿ, ಆ ಪುಟದ ಪ್ರಕಾರ ಖಾಲಿ ಯಂತ್ರವೊಂದರಲ್ಲಿ ಪ್ರೋಗ್ರಾಮನ್ನು ನಡೆಯಿಸಿ ನೋಡಿದ ಮೇಲೆಯೇ ಪರೀಕ್ಷಕರು ಅಂಕವನ್ನು ಕೊಡುವಂತೆ ವಿಧಿಸಿರಿ.